ಬ್ಯಾಲಾಳಿನ ದೂರಾಂತರಿಕ್ಷ ಸಂಪರ್ಕಕೇಂದ್ರ

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಬ್ಯಾಲಾಳು ಗ್ರಾಮದ ಕೇಂದ್ರಸ್ಥಲವು ಬೋಗುಣಿಯಂತೆ ತಗ್ಗಾಗಿದ್ದು, ಸುತ್ತಲಿನ ದಿಣ್ಣೆಗಳು ಹೊರಗಿನ ರೇಡಿಯೋ ಕೋಲಾಹಲಕ್ಕೆ ತಡೆಯಾಗಿರುತ್ತವೆ. ಚಂದ್ರಯಾನವನ್ನು ಸಂಕಲ್ಪಿಸಿದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ತನ್ನ ದೂರಾಂತರಿಕ್ಷ ಜಾಲವನ್ನು ಇಲ್ಲಿಯೇ ನಿರ್ಮಿಸಿ, 2008ರಲ್ಲಿ ಕಾರ್ಯಾರಂಭ ಮಾಡಿತು.

ಅದಕ್ಕೆ ಮುಂಚೆ, ಭೂಮಿಗೆ ಸಮೀಪವಾಗಿ ಸುತ್ತುವ ಉಪಗ್ರಹಗಳೊಡನೆ ಸಂಭಾಷಿಸುವುದಕ್ಕೆ ಸಣ್ಣ ತಟ್ಟೆಗಳೇ ಸಾಕಾಗಿದ್ದುವು. ತರಂಗದ ಬಲವಾದರೋ ದೂರದ ವರ್ಗಕ್ಕನುಸಾರವಾಗಿ ಕ್ಷೀಣಿಸತಕ್ಕದ್ದು. 1,000 ಕಿಲೋಮೀಟರಿನಿಂದ ಬರುವ ಸಂಕೇತಕ್ಕಿಂತ 3,84,000 ಕಿಲೋಮೀಟರಿನಾಚೆಯ ಚಂದ್ರನಿಂದ ಬರುವುದು ಹೆಚ್ಚುಕಡಮೆ ಒಂದೂವರೆ ಲಕ್ಷದಲ್ಲೊಂದು ಪಾಲಿನಷ್ಟು ಕೃಶವಾಗಿರುವುದು. ಆದಕಾರಣ 18 ಮೀಟರು ಮತ್ತು 32 ಮೀಟರು ವ್ಯಾಸದ ಎರಡು ಆಂಟೆನಾಗಳು ಎದ್ದುವು. ದೊಡ್ಡದನ್ನು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಸಹಕಾರದಿಂದ ದೇಶದಲ್ಲಿಯೇ ರಚಿಸಿತು. ಅದು ಚಕ್ರಗಳ ಮೇಲೆ ನಿಂತು ವರ್ತುಲಾಕಾರದ ಹಳಿಯಲ್ಲಿ ತಿರುಗುತ್ತದೆ. ಶಬ್ದವು ಆಕಾಶದ ಗುಣವೆಂದು ನೈಯಾಯಿಕರ ಮತವಷ್ಟೆ. ಇಲ್ಲಿ ಆಕಾಶದಿಂದಿಳಿಯುವುದು ಶಬ್ದವಲ್ಲ, ಬೆಳಕಿನ ಸಜಾತಿಯಾದ ತರಂಗ.

2008ನೆಯ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ಎರಡು ವರ್ಷ ದುಡಿಯಬೇಕಾಗಿತ್ತು. 2009ನೆಯ ಆಗಸ್ಟ್ 29ರಂದು ಅದು ಇದ್ದಕ್ಕಿದ್ದಂತೆ ಮೌನವಾಯಿತು. ಆಂಟೆನಾ ಎಷ್ಟು ದೊಡ್ಡದಾದರೇನು, ನುಡಿಯದ ನೌಕೆಯಿಂದ ಅದು ಕೇಳುವುದೇನನ್ನು? ಮುಂದೆ ಅಮೆರಿಕೆಯ ಗೋಲ್ಡ್‌ಸ್ಟೋನಿನ 70 ಮೀಟರಿನ ಆಂಟೆನಾ ಚಂದ್ರನ ಕಡೆಗೆ ರೇಡಾರ್ ತರಂಗಗಳನ್ನು ಹರಿಸಿತು. ಗ್ರೀನ್ ಬ್ಯಾಂಕಿನ ದೂರದರ್ಶಕವು ಅವುಗಳ ಪ್ರತಿಫಲನವನ್ನು ಗ್ರಹಿಸಿತು. ಹೀಗೆ ಆ ಮೂಕನೌಕೆಯು ಚಂದ್ರನನ್ನು ಇನ್ನೂ ಸುತ್ತುತ್ತಲೇ ಇದ್ದುದು 2017ರಲ್ಲಿ ಪ್ರಕಟವಾಯಿತು.

ಮಂಗಳಯಾನದ ವಿಜಯವಾರ್ತೆಯನ್ನು ಮೊದಲು ಕೇಳಿದ್ದು ಬ್ಯಾಲಾಳೇ ಎಂಬ ಅಭಿಮಾನದ ಮಾತುಂಟು, ಅದು ನಿಲ್ಲತಕ್ಕದ್ದಲ್ಲ. 2014ನೆಯ ಸೆಪ್ಟೆಂಬರ್ 24ರ ಬೆಳಗ್ಗೆ, ಎಂಜಿನು ಉರಿಯತೊಡಗಿದ ಕೆಲವು ನಿಮಿಷಗಳಲ್ಲೇ ನೌಕೆಯು ಗ್ರಹದ ಹಿಂದೆ ಮರೆಯಾಯಿತು. ಅದು ಹೊರಬಂದ ಬಳಿಕ ಕಳುಹಿಸಿದ ಸಂಕೇತವು ಸುಮಾರು 12½ ನಿಮಿಷ ಪಯಣಿಸಿ ಭೂಮಿಗೆ ತಲುಪಿದಾಗ, ಬ್ಯಾಲಾಳಿನಲ್ಲಿ ಮಂಗಳನು ಇನ್ನೂ ದಿಗಂತದ ಕೆಳಗಿದ್ದನು. ಆ ವಾರ್ತೆಯನ್ನು ಹಿಡಿದುಕೊಟ್ಟದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಕೇಂದ್ರ. ಇದು ಬ್ಯಾಲಾಳಿನ ನ್ಯೂನತೆಯಲ್ಲ, ಭೂಭ್ರಮಣದ ಫಲ. ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಎಂದು ನಾಸಾ ಮೂರು ಖಂಡಗಳಲ್ಲಿ ತಟ್ಟೆಗಳನ್ನಿರಿಸಿರುವುದೂ ಈ ಕಾರಣಕ್ಕಾಗಿಯೇ.

2023ನೆಯ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗಲೂ ಬ್ಯಾಲಾಳಿಗೆ ಪರದೇಶದ ಕೇಂದ್ರಗಳು ನೆರವಾದುವು. ಅದೇ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯೊಡನೆ ಸಂಭಾಷಿಸಬೇಕಾದ ದೂರ ಸುಮಾರು 15 ಲಕ್ಷ ಕಿಲೋಮೀಟರು.