ಯೂರೋಪಿನ ಜೂಡೋ ಒಕ್ಕೂಟ

1882ರಲ್ಲಿ ಕಾನೋ ಜಿಗೋರೋ ಎಂಬ ಆಚಾರ್ಯರು ಟೋಕಿಯೋ ನಗರದ ಬೌದ್ಧ ದೇವಾಲಯವೊಂದರಲ್ಲಿ ಜೂಡೋ ಗರಡಿಯನ್ನು ತೆರೆದರು. 1945ರಲ್ಲಿ ಜಪಾನು ಸೋಲಲು, ಗೆದ್ದವರು ಅಲ್ಲಿಯ ಶಾಲೆಗಳಲ್ಲಿ ಆ ವಿದ್ಯೆಯನ್ನು ನಿಷೇಧಿಸಿದರು. ನಿಷೇಧವು 1950ರಲ್ಲಿ ತೆರವಾಗುವುದಕ್ಕೆ ಮೊದಲೇ, 1948ರ ಜುಲೈ ತಿಂಗಳಿನಲ್ಲಿ, ಲಂಡನ್ನಿನಲ್ಲಿ ಯೂರೋಪಿನ ಜೂಡೋ ಒಕ್ಕೂಟವು ಸ್ಥಾಪಿತವಾಯಿತು. ಯುದ್ಧದಲ್ಲಿ ಹಗೆಗಳಾಗಿದ್ದ ಆಂಗ್ಲರೂ ಇಟಲಿಯವರೂ ಅಲ್ಲಿ ಜೊತೆಗೂಡಿದುದು ಸಾಮಾನ್ಯ ಸಂಗತಿಯಲ್ಲ. ನಾನಾ ದೇಶಗಳ ಸಂಘಗಳನ್ನು ಒಂದುಗೂಡಿಸಿದ ಈ ಸಂಸ್ಥೆಯು 1951ರಲ್ಲಿ ಪ್ಯಾರಿಸಿನಲ್ಲಿ ಪ್ರಥಮ ಖಂಡಮಟ್ಟದ ಪಂದ್ಯಗಳನ್ನು ನಡೆಸಿತು. ಅದೇ ವರ್ಷ ಅದರ ಬುಡದಿಂದಲೇ ಅಂತರರಾಷ್ಟ್ರೀಯ ಒಕ್ಕೂಟವೂ ಚಿಗುರಿತು. 1975ರಲ್ಲಿ ಸ್ತ್ರೀಯರಿಗೂ ಈ ಪಂದ್ಯಗಳ ಬಾಗಿಲು ತೆರೆಯಿತು. ಈ ಕಣದಲ್ಲಿ ಪಳಗಿದ ಡಚ್ಚರ ಮಲ್ಲನಾದ ಆಂಟನ್ ಗೀಸಿಂಕನು 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನಿನ ಕಾಮಿನಾಗನನ್ನು ಸೋಲಿಸಿದನು. ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ಹಿರಿಯರ ಮಾತು ಆ ದಿನ ಸಾರ್ಥಕವಾಯಿತೆನ್ನಬಹುದು.