ಒಬ್ಬ ಗಣಿತಾಧ್ಯಾಪಕರ ರಾಜೀನಾಮೆ

ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಹೆಸರು ವಾಚಕರಿಗೆ ಅಪರಿಚಿತವಾದುದಲ್ಲ. 1893ರಲ್ಲಿ ವಿಧವೆಯೊಬ್ಬರನ್ನು ವಿವಾಹವಾಗಿ ಸ್ವಗ್ರಾಮದಲ್ಲಿ ಬಹಿಷ್ಕಾರವನ್ನನುಭವಿಸಿದ ಅವರೇ 1916ರಲ್ಲಿ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿ, 1958ರಲ್ಲಿ ಭಾರತರತ್ನ ಪದವಿಗೆ ಪಾತ್ರರಾದರು. ಅವರ ಹಿರಿಯ ಮಗ ರಘುನಾಥರಾಯರನ್ನಾದರೋ ನಮ್ಮಲ್ಲಿ ಬಲ್ಲವರು ವಿರಳ. ತಂದೆಯನ್ನು ದೂಷಿಸಿದ ಸಮಾಜವು ಕಡೆಗೆ ಅವರನ್ನು ಪೂಜಿಸಿತು. ಮಗನ ವಿಷಯದಲ್ಲಿ ಅದಕ್ಕೆ ಅಂತಹ ಆತುರವೇನೂ ತೋರಲಿಲ್ಲ.

ರಘುನಾಥರಾಯರು 1882ರಲ್ಲಿ ಹುಟ್ಟಿದರು. 1891ರಲ್ಲಿ ತಾಯಿ ರಾಧಾಬಾಯಿಯವರು ಪ್ರಸವಕಾಲದಲ್ಲಿ ತೀರಿಕೊಂಡಾಗ ಇವರಿಗೆ ಒಂಬತ್ತು ವರ್ಷ. ಮುಂದಿನ ಕಾರ್ಯಕ್ಕೆಲ್ಲ ಇದೇ ಮೂಲವೆಂದು ಸಾಧಿಸಹೊರಡುವುದು ಸಲ್ಲದು. ಆದರೂ ಇದು ಮರೆಯತಕ್ಕ ಸಂಗತಿಯಲ್ಲ. ಪ್ಯಾರಿಸಿನಲ್ಲಿ ಗಣಿತವನ್ನಭ್ಯಸಿಸಿದ ಇವರು ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಎಂಬಾಕೆ ಸಂತತಿನಿಯಮನದ ಚಿಕಿತ್ಸಾಲಯವನ್ನು ತೆರೆದ 1921ನೆಯ ವರ್ಷದಲ್ಲಿಯೇ ಇವರೂ ಮುಂಬಯಿಯಲ್ಲಿ ಅಂತಹುದೊಂದನ್ನು ತೆರೆದರು. 1923ರಲ್ಲಿ ಮರಾಠಿಯಲ್ಲಿ ಗ್ರಂಥವೊಂದನ್ನೂ ಪ್ರಕಟಿಸಿದರು.

ಕಾಲೇಜು ಕ್ರೈಸ್ತ ಮಿಶನರಿಗಳದು. ಇಂತಹ ಅಭಿಪ್ರಾಯಗಳನ್ನು ಬಹಿರಂಗವಾಗಿ ಸಾರುವ ಅಧ್ಯಾಪಕರು ಅದಕ್ಕೆ ಬೇಡವಾದರು. 1925ರಲ್ಲಿ, ಅದರ ಇಚ್ಛೆಯಂತೆ, ಇವರು ರಾಜೀನಾಮೆಯಿತ್ತರು. ತರುಣರನ್ನು ನಂಬಿಕೆಯಿಂದ ಒಪ್ಪಿಸಿದ ತಂದೆತಾಯಿಗಳಿಗೆ ವಿದ್ಯಾಲಯವು ಉತ್ತರವಾದಿಯಲ್ಲವೆ ಎಂದು ಕೇಳಬಹುದು. ಕೇಳಲಿ. ಆದರೆ ಬೀಜಗಣಿತದ ಪಾಠಕ್ಕೂ ಬಸುರಿ ಬಾಣಂತಿಯರ ಪ್ರಾಣಸಂಕಟದ ವಿಚಾರಕ್ಕೂ ವಿರೋಧವೆಲ್ಲಿಯದೆಂಬುದು ನಮಗಂತೂ ತಿಳಿಯದು. ಅದೇ 1925ರಲ್ಲಿ ಗಾಂಧೀಜಿಯವರೂ ಕೃತಕೋಪಾಯಗಳನ್ನು ಖಂಡಿಸಿ ಬರೆದರು. ಬ್ರಹ್ಮಚರ್ಯವೊಂದೇ ಅವರಿಗೆ ಸಮ್ಮತವಾದ ಮಾರ್ಗ. ಹೀಗೆ ಮಿಶನರಿಗಳೂ ಮಹಾತ್ಮರೂ ಒಂದೇ ಪಕ್ಷದಲ್ಲಿ ನಿಂತಾಗ ಈ ಬಡ ಅಧ್ಯಾಪಕರ ಪಾಡೇನು?

1927ರ ಜುಲೈ ತಿಂಗಳಿನಿಂದ ಅವರು 'ಸಮಾಜಸ್ವಾಸ್ಥ್ಯ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮನೆಯಲ್ಲಿ ಯಾರೂ ಬಾಯಿಬಿಡದ ಕಾಮಸಂಬಂಧವಾದ ಸಂದೇಹಗಳನ್ನು ವಾಚಕರು ಕಾಗದದಲ್ಲಿ ಬರೆದು ಕಳುಹುತ್ತಿದ್ದರು; ಸಂಪಾದಕರು ಗಣಿತದ ಲೆಕ್ಕಕ್ಕೆ ಉತ್ತರಕೊಟ್ಟಂತೆ ನಿರ್ವಿಕಾರವಾಗಿ ಉತ್ತರಕೊಡುತ್ತಿದ್ದರು. ಅಶ್ಲೀಲತೆಯ ಆರೋಪದ ಮೇಲೆ 1931ರಲ್ಲಿ ಮೊದಲ ಮೊಕದ್ದಮೆ, ದಂಡವಾಯಿತು. 1934ರಲ್ಲಿ ಎರಡನೆಯದು, ಈ ಬಾರಿ ಅಪರಾಧವು ವಾಚಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ. ಆಗ ಇವರ ಪಕ್ಷದಲ್ಲಿ ವಾದಿಸಿದ ವಕೀಲರು ಡಾಕ್ಟರ್ ಅಂಬೇಡ್ಕರರು. ಕಾಮದ ಪ್ರಸ್ತಾಪವಿರುವ ಮಾತ್ರಕ್ಕೆ ಬರೆಹವು ಅಶ್ಲೀಲವಾಗದೆಂಬುದು ಅವರ ವಾದದ ಸಾರ. ನ್ಯಾಯಾಲಯವು ಒಪ್ಪಲಿಲ್ಲ, ಇನ್ನೂರು ರೂಪಾಯಿ ದಂಡವನ್ನು ವಿಧಿಸಿತು. ಕೆಲಸವಿಲ್ಲದ ಮನೆಯಲ್ಲಿ ಇನ್ನೂರು ರೂಪಾಯಿ ಎಷ್ಟು ಭಾರವೆಂಬುದನ್ನು ಸಂಸಾರಿಗಳಿಗೆ ಹೇಳಬೇಕಾದುದಿಲ್ಲ. ಪತ್ನಿ ಮಾಲತಿಬಾಯಿಯವರ ಆಸರೆಯಿಲ್ಲದಿದ್ದರೆ ಪತ್ರಿಕೆ ನಡೆಯುತ್ತಿರಲಿಲ್ಲ.

ಕನ್ನಡಿಗರು ಇಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ. ಮುಂಬಯಿಯಲ್ಲಿ ಇಂತಹ ಮಾತಿಗೆ ದಂಡವನ್ನು ವಿಧಿಸುತ್ತಿದ್ದ ಕಾಲದಲ್ಲಿಯೇ, 1930ರಲ್ಲಿ, ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ತೆರೆಯುವಂತೆ ಆಜ್ಞೆಮಾಡಿತು. ಮುಂಬಯಿಯ ಶಾಸನಸಭೆಯಲ್ಲಿ ಅಂಬೇಡ್ಕರರ ಪಕ್ಷವು 1938ರಲ್ಲಿ ಈ ವಿಷಯವನ್ನು ಎತ್ತಿದಾಗಲೂ ಸೋಲೇ ಆಯಿತು. ಕಡೆಗೆ 1952ರಲ್ಲಿ ಭಾರತ ಸರಕಾರವೇ ಕುಟುಂಬಯೋಜನೆಯನ್ನು ರಾಷ್ಟ್ರದ ಕಾರ್ಯವಾಗಿ ಕೈಕೊಂಡಿತು.

ರಘುನಾಥರಾಯರು 1953ರ ಅಕ್ಟೋಬರ್ 14ರಂದು ನಿಧನರಾದರು. ನವೆಂಬರ್ ತಿಂಗಳ 'ಸಮಾಜಸ್ವಾಸ್ಥ್ಯ'ವು ಹೊರಬಂದಿತು; ಅದೇ ಕೊನೆಯ ಸಂಚಿಕೆ.