ರಾಮಕಿಂಕರ್ ಕಟ್ಟಿದ ಜನ

ರಾಮಕಿಂಕರ್ ಬೈಜ್ ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುರಾದ ಕ್ಷೌರಿಕರ ಮನೆಯಲ್ಲಿ. ಅವರ ಕುಡಿತ, ಹುಚ್ಚಾಟಗಳ ಕತೆ ಹೇಳುವವರು ಬಹಳ. ಈ ಹುಟ್ಟಿನ ಮಾತು ಬಂದಾಗ ಮಾತ್ರ ಬೇಗ ದಾಟಿಬಿಡುತ್ತಾರೆ. ನಾವು ಅಲ್ಲಿ ಕೊಂಚ ನಿಲ್ಲಬೇಕು.

ಹುಡುಗ ಕಲಿತದ್ದು ಊರಿನ ವಿಗ್ರಹ ಮಾಡುವವರ ಹತ್ತಿರ. ಅಸಹಕಾರ ಚಳವಳಿಗೂ ಚಿತ್ರ ಬರೆದ. ಅವನ ಕೈಗುಣ ಕಂಡ ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿ 1925ರಲ್ಲಿ ಶಾಂತಿನಿಕೇತನದ ದಾರಿ ತೋರಿಸಿದರು.

1938ರಲ್ಲಿ ಅಲ್ಲಿನ ಬಯಲಲ್ಲಿ ‘ಸಂತಾಲ ಕುಟುಂಬ’ ಎದ್ದಿತು. ಗಂಡನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಮಗು, ಹೆಂಡತಿಯ ಕಂಕುಳಲ್ಲಿ ಇನ್ನೊಂದು, ಪಕ್ಕದಲ್ಲಿ ನಾಯಿ. ಇದ್ದಷ್ಟು ಸಾಮಾನು ಹೊತ್ತು ಹೊರಟ ಸಂಸಾರ. ಆಳೆತ್ತರ ಮೀರಿದ್ದು. ಅಮೃತಶಿಲೆ ಇಲ್ಲ, ಕಂಚಿಲ್ಲ. ಸಿಮೆಂಟಿಗೆ ಅಲ್ಲಿನದೇ ಕೆಂಪು ಮುರಕಲ್ಲಿನ ಜಲ್ಲಿ ಕಲಸಿ, ಗಾರೆಯವರ ಹಾಗೆ ಎಸೆದೆಸೆದು ಕಟ್ಟಿದ್ದು. ಕಂಚಿಗೆ ದುಡ್ಡಿರಲಿಲ್ಲ, ನಿಜ. ಆದರೆ ನೆಲ ಅಗೆಯುವವರ ಮೈಗೆ ಆ ನೆಲದ ಕಲ್ಲೇ ಸರಿ ಅಂತ ನಮಗನ್ನಿಸುತ್ತದೆ. ಗಾಂಧಿ, ಗುರುದೇವರಿಗೆ ಸಲ್ಲುವ ಎತ್ತರವನ್ನು ಕೂಲಿಯವರಿಗೆ ಕೊಟ್ಟದ್ದು ಸಣ್ಣ ಮಾತಲ್ಲ.

ಅವರಲ್ಲಿ ದೈನ್ಯವಿಲ್ಲ. ನಮ್ಮ ಕತೆಗಾರರು ಬಡವರನ್ನು ಅಳಿಸದೆ ಬರೆಯೋದೇ ಅಪರೂಪ. ಇಲ್ಲಿ, 1956ರ ‘ಮಿಲ್ಲಿನ ಕರೆ’ಯಲ್ಲಿ, ಅಕ್ಕಿ ಗಿರಣಿಯ ಕೂಗಿಗೆ ಓಡುವ ಇಬ್ಬರು ಸಂತಾಲ ಹೆಂಗಸರು ಒದ್ದೆ ಸೀರೆಯನ್ನು ಗಾಳಿಗೊಡ್ಡಿ ಓಡುತ್ತಲೇ ಒಣಗಿಸುತ್ತಾರೆ. ಬೇರೆ ಹೊತ್ತೆಲ್ಲಿ ಅವರಿಗೆ?

ಒಂದು ತಕರಾರು ನಮ್ಮದೂ ಇದೆ. ಮೂಡಿಸಿದವರ ಹೆಸರು ಉಳಿಯಿತು; ಮೂಡಿದವರು ಪ್ರತಿಮೆಯ ಹೆಸರಿನಲ್ಲಿ ಬರೀ ‘ಸಂತಾಲ’ರು.

1970ರಲ್ಲಿ ಸರ್ಕಾರ ಪದ್ಮಭೂಷಣ ಕೊಟ್ಟಿತು. 1980ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.